ಹಿತ್ತಲಲ್ಲಿ ಎರಡು ಜೇನುಪೆಟ್ಟಿಗೆ ಇಟ್ಟರೆ ಮೊದಲ ವರ್ಷ ಎಷ್ಟು ಕೆ.ಜಿ. ಸಿಗಬಹುದು? ನಮ್ಮ ನಾಡಿನ ತುಡುವೆ ಜೇನು ಒಳ್ಳೆಯದೋ ವಿದೇಶಿ ಮೆಲ್ಲಿಫೆರಾ ಜೇನೋ? ಸಕ್ಕರೆ ಪಾಕ ಕೊಡದೆ ಸಾಕಬಹುದೇ?

"ಶುದ್ಧ ಜೇನೇ ಬೇಕು, ಸಕ್ಕರೆ ಮುಟ್ಟಿಸುವುದಿಲ್ಲ" ಎಂದು ನೀವು ಬರೆದಿದ್ದನ್ನು ಓದಿ ಎದೆ ಧಸಕ್ಕೆಂದಿತು. ಏಳು ವರ್ಷಗಳ ಹಿಂದೆ ನಾನೂ ಇದನ್ನೇ ಹೇಳಿಕೊಂಡು ತಿರುಗುತ್ತಿದ್ದೆ. ಆ ಮಾತಿಗೆ ಒಂದು ಇಡೀ ಜೇನು ಸಂಸಾರ ಬಲಿಯಾಯಿತು.

ನಮ್ಮದು ಶಿರಸಿ ಕಡೆಯ ಹಳ್ಳಿ. ಮನೆ ಹಿಂದೆ ಹಿತ್ತಲು, ಅದರಾಚೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ. ದೀಪಾವಳಿ ಕಳೆದ ಮೇಲೆ ಪಕ್ಕದೂರಿನ ಅಜ್ಜರೊಬ್ಬರಿಂದ ತುಡುವೆ ಸಂಸಾರವೊಂದನ್ನು ಕೊಂಡು ತಂದೆ. ನ್ಯೂಟನ್ ಎಂಬ ಮಾದರಿಯ ಏಳು ಚೌಕಟ್ಟಿನ ಪೆಟ್ಟಿಗೆ, ಐದರಲ್ಲಿ ಎರಿ (ನೊಣಗಳು ಕಟ್ಟುವ ಮೇಣದ ಹುಟ್ಟು) ತುಂಬಿತ್ತು. ಕತ್ತಲಾದ ಮೇಲೆ ನೊಣಗಳೆಲ್ಲ ಒಳಗೆ ಸೇರಿದ್ದನ್ನು ನೋಡಿ ಬಾಗಿಲಿಗೆ ಬಟ್ಟೆ ತುರುಕಿ, ಮಡಿಲಲ್ಲಿಟ್ಟುಕೊಂಡು ಜೀಪಿನಲ್ಲಿ ತಂದಿದ್ದು. ಹೊರಡುವಾಗ ಅಜ್ಜ ಹೇಳಿದ್ದು ಒಂದೇ ಮಾತು: "ತಮಾ, ಆಷಾಢದಲ್ಲಿ ಮಾತ್ರ ಕೈ ಬಿಡಡ." ನಾನು ತಲೆಯಾಡಿಸಿದೆ. ಏನು ಹೇಳಿದರು ಎಂದು ಕೇಳಿ ತಿಳಿದುಕೊಳ್ಳಲಿಲ್ಲ.

ಮೊದಲ ಐದು ತಿಂಗಳು ನನ್ನ ಬದುಕಿನ ಅತ್ಯಂತ ಸಂತೋಷದ ದಿನಗಳು. ಬೆಳಿಗ್ಗೆ ಚಹಾ ಲೋಟ ಹಿಡಿದು ಪೆಟ್ಟಿಗೆಯ ಪಕ್ಕ ಕೂತರೆ ಹೊತ್ತು ಹೋಗುವುದೇ ತಿಳಿಯುತ್ತಿರಲಿಲ್ಲ. ಕಾಲಿಗೆ ಪರಾಗದ ಉಂಡೆ ಕಟ್ಟಿಕೊಂಡು ಬರುವ ನೊಣಗಳನ್ನು ಎಣಿಸುತ್ತಿದ್ದೆ. ಬಿಸಿಲು ಬೆನ್ನಿಗೆ ಬೀಳುವಂತೆ ನಿಂತು ಚೌಕಟ್ಟನ್ನು ಸ್ವಲ್ಪ ಓರೆ ಮಾಡಿದರೆ ಕೋಶದ ತಳದಲ್ಲಿ ನಿಂತ ತತ್ತಿ ಕಾಣುತ್ತದೆ ಎಂದು ಕಲಿತೆ. ಜನವರಿ ಹೊತ್ತಿಗೆ ಗಂಡು ನೊಣದ ಕೋಶಗಳೆದ್ದವು. ಉಬ್ಬಿದ ಮುಚ್ಚಳ, ಅದರ ನಡುವೆ ಸೂಜಿಮೊನೆಯಷ್ಟು ತೂತು. ಸಂಸಾರ ಪಾಲಾಗುವ, ಅಂದರೆ ಒಂದು ಗುಂಪು ನೊಣ ಬೇರೆ ಗೂಡಿಗೆ ಹೊರಡುವ ಸೂಚನೆ ಅದು. ಅಜ್ಜನೇ ಬಂದು ಎರಿಯ ಕೆಳಗಂಚಿನ ರಾಣಿ ಕೋಶಗಳನ್ನು ತೆಗೆದು, ಮೇಲೆ ಜೇನು ಕೋಣೆ (ನಾವು ತೆಗೆಯುವ ಜೇನು ತುಂಬುವ ಮೇಲಿನ ಪೆಟ್ಟಿಗೆ) ಇಟ್ಟುಕೊಟ್ಟರು. ನೇರಳೆ ಹೂ ಬಂತು. ಮಾರ್ಚ್ ಕೊನೆಗೆ ಎರಡು ಕೆ.ಜಿ., ಏಪ್ರಿಲ್ ಕೊನೆಗೆ ಮೂರು ಕೆ.ಜಿ. ತೆಗೆದೆ. ಬಾಟಲಿಯ ಮೇಲೆ ಕೈಯಲ್ಲೇ ಬರೆದು ಚೀಟಿ ಅಂಟಿಸಿದೆ: "ಸಕ್ಕರೆ ಮುಟ್ಟದ ಜೇನು".

ತಪ್ಪು ಇಲ್ಲಿಂದ ಶುರು. ಇದನ್ನು ಬಿಡಿಸಿ ಹೇಳುತ್ತೇನೆ, ಬೇಸರಿಸಬೇಡಿ.

ಮೇ ಕೊನೆಯ ವಾರ ಗುಡುಗು ಮಳೆ ಹಿಡಿದಿತ್ತು. ಜೇನು ಕೋಣೆಯಲ್ಲಿ ಇನ್ನೂ ಒಂದಿಷ್ಟು ಜೇನಿತ್ತು, ಅರ್ಧದಷ್ಟು ಕೋಶಗಳಿಗೆ ಮುಚ್ಚಳವೂ ಬಿದ್ದಿರಲಿಲ್ಲ. ಮಳೆಗಾಲದಲ್ಲಿ ಹಾಳಾದೀತು ಎಂದು ಅದನ್ನೂ ತೆಗೆದೆ. ಅಷ್ಟಕ್ಕೆ ನಿಲ್ಲಲಿಲ್ಲ. ಕೆಳಗಿನ ಸಂಸಾರ ಕೋಣೆಯಲ್ಲಿ, ಮರಿಗಳ ಮೇಲ್ಭಾಗದಲ್ಲಿ, ಕಮಾನಿನಂತೆ ತುಂಬಿಟ್ಟ ಜೇನನ್ನೂ ಚಾಕುವಿನಲ್ಲಿ ಕೊಯ್ದುಕೊಂಡೆ. ಒಟ್ಟು ಒಂದೂವರೆ ಕೆ.ಜಿ. ಆಯಿತು. ಆ ಕಮಾನು ನನ್ನ ಪಾಲಿನದಲ್ಲ. ಅದು ಅವುಗಳ ಮಳೆಗಾಲದ ಅಟ್ಟ. ನಾವು ಬೇಸಿಗೆಯಲ್ಲಿ ಕಟ್ಟಿಗೆ, ಅಕ್ಕಿ, ಹಪ್ಪಳ, ಉಪ್ಪಿನಕಾಯಿ ಕೂಡಿಟ್ಟುಕೊಂಡ ಹಾಗೇ.

ಜೂನ್ ಎರಡನೇ ವಾರದಿಂದ ಮಳೆ ಬಿಡಲೇ ಇಲ್ಲ. ನೊಣ ಹೊರಗೆ ಹಾರುವಂತಿಲ್ಲ. ಅರ್ಧ ಗಂಟೆ ಮಳೆ ನಿಂತು ಹೊಳವಾದರೂ ಹೂವಿನಲ್ಲಿ ಮಕರಂದ ನಿಲ್ಲುವುದಿಲ್ಲ, ಪರಾಗ ತೊಳೆದುಹೋಗಿರುತ್ತದೆ. ಆಗ ಸಕ್ಕರೆ ಪಾಕ ಕೊಡಬೇಕಿತ್ತು. ಹೆಂಡತಿ ಎರಡು ಸಲ ಕೇಳಿದಳು, "ಅವಕ್ಕೆ ಊಟಕ್ಕೆ ಏನು?" ಎಂದು. ಸಕ್ಕರೆ ಕೊಟ್ಟರೆ ನನ್ನ ಜೇನು ಕಲಬೆರಕೆಯಾಗುತ್ತದೆ, ಕಾಡಿನ ಜೇನಿಗೆ ಯಾರು ಪಾಕ ಹಾಕುತ್ತಾರೆ ಎಂದು ವಾದ ಮಾಡಿದೆ. ಕಾಡಿನ ಜೇನಿನ ಅಟ್ಟವನ್ನು ನಾನು ಖಾಲಿ ಮಾಡಿರುವುದಿಲ್ಲ ಎಂಬುದು ಹೊಳೆಯಲಿಲ್ಲ.

ಜುಲೈ ಮೊದಲ ವಾರ ಬಾಗಿಲ ಹಲಗೆಯ ಮೇಲೆ ಸತ್ತ ಮರಿಹುಳುಗಳು ಕಂಡವು. ನಾನು ನೇರವಾಗಿ ಯೋಚಿಸಿದ್ದು ಥಾಯ್ ಸ್ಯಾಕ್‌ಬ್ರೂಡ್ ರೋಗದ ಬಗ್ಗೆ. 1991-92ರಲ್ಲಿ ದಕ್ಷಿಣ ಭಾರತದ ತುಡುವೆ ಸಂಸಾರಗಳಲ್ಲಿ ಬಹುಪಾಲನ್ನು ಒರೆಸಿಹಾಕಿದ ವೈರಸ್ ಅದು. ಅಜ್ಜನ ಅಂಗಳದಲ್ಲೂ ಆಗ ಒಂದು ಪೆಟ್ಟಿಗೆಯೂ ಉಳಿದಿರಲಿಲ್ಲವಂತೆ. ಆ ಹೆದರಿಕೆಗೆ ಎರಡು ದಿನಕ್ಕೊಮ್ಮೆ ಮಳೆ ಥಂಡಿಯಲ್ಲೇ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದೆ. ಹಸಿದ ಸಂಸಾರವನ್ನು ಚಳಿಗೂ ಒಡ್ಡಿದೆ. ಎದುರಿಗೇ ಇದ್ದದ್ದನ್ನು ನೋಡಲಿಲ್ಲ: ಚೌಕಟ್ಟು ಎತ್ತಿದರೆ ಕೈಗೆ ಭಾರವೇ ಸಿಗುತ್ತಿರಲಿಲ್ಲ, ರಾಣಿಯ ಹೊಟ್ಟೆ ಸೊರಗಿತ್ತು, ಹೊಸ ತತ್ತಿ ಒಂದೂ ಇರಲಿಲ್ಲ.

ಆಹಾರ ನಿಂತರೆ ರಾಣಿ ತತ್ತಿ ಇಡುವುದನ್ನು ನಿಲ್ಲಿಸುತ್ತದೆ. ಸಾಕಲಾಗದ ಮರಿಗಳನ್ನು ಕೆಲಸಗಾರ ನೊಣಗಳೇ ತಿನ್ನುತ್ತವೆ, ಹೊರಗೆಸೆಯುತ್ತವೆ. ತತ್ತಿಯಿಂದ ನೊಣವಾಗಲು ಸುಮಾರು 20 ದಿನ ಬೇಕು, ದುಡಿಯುವ ನೊಣದ ಆಯುಸ್ಸು ಕೆಲವೇ ವಾರ. ಹಾಗಾಗಿ ಮೂರು ವಾರ ತತ್ತಿ ನಿಂತರೆ ಸತ್ತವರ ಜಾಗ ತುಂಬುವವರೇ ಇರುವುದಿಲ್ಲ. ತುಡುವೆಯ ಸ್ವಭಾವ ಹೇಗೆಂದರೆ, ಇಲ್ಲಿ ಉಳಿಗಾಲವಿಲ್ಲ ಎನಿಸಿದರೆ ಉಳಿದ ಮರಿಗಳು ಹೊರಬರುವವರೆಗೆ ಕಾದು ಗೂಡು ಬಿಟ್ಟು ಹೊರಟುಬಿಡುತ್ತದೆ. ಜುಲೈ ಮೂರನೇ ವಾರ, ಹನ್ನೊಂದು ಗಂಟೆ ಹೊತ್ತಿಗೆ ಸ್ವಲ್ಪ ಬಿಸಿಲು ಬಿತ್ತು. ಕೊಟ್ಟಿಗೆಯಲ್ಲಿದ್ದೆ, ಝೇಂಕಾರ ಕೇಳಿ ಓಡಿ ಬಂದೆ. ಪೆಟ್ಟಿಗೆಯ ಬಾಗಿಲಿನಿಂದ ಮುಷ್ಟಿ ಮುಷ್ಟಿಯಾಗಿ ಹೊರಬಂದು, ಹಲಸಿನ ಕೊಂಬೆಯಲ್ಲಿ ಹತ್ತು ನಿಮಿಷ ಕೂತು, ಬೆಟ್ಟದ ಕಡೆ ಹೋದವು. ಗುಂಪು ಒಂದು ಬೊಗಸೆಯಷ್ಟೇ ಇತ್ತು. ಮತ್ತೆ ಮಳೆ ಹಿಡಿಯಿತು.

ಅಜ್ಜ ಬಂದು ಖಾಲಿ ಎರಿಯನ್ನು ಬೆಳಕಿಗೆ ಹಿಡಿದರು. ನೀರು ತುಂಬಿದ ಚೀಲದಂತಹ ಮರಿಹುಳು ಒಂದೂ ಇಲ್ಲ, ರೋಗವಲ್ಲ ಎಂದರು. ಆಮೇಲೆ ಎರಿಯನ್ನು ನನ್ನ ಕೈಗೆ ಕೊಟ್ಟು, "ಒಂದು ತೊಟ್ಟು ಜೇನು ಎಲ್ಲಾದ್ರೂ ಇದ್ದಾ ನೋಡು" ಎಂದರು. ಇರಲಿಲ್ಲ. ಹದಿನೈದು ದಿನದಲ್ಲಿ ಆ ಎರಿಗಳಲ್ಲಿ ಮೇಣದ ಹುಳು ಬಲೆ ಕಟ್ಟಿತು. ಮೇ ಕೊನೆಗೆ ಕೊಯ್ದ ಆ ಒಂದೂವರೆ ಕೆ.ಜಿ. ಜೇನು? ಮುಚ್ಚಳ ಬೀಳದ ಜೇನಾದ್ದರಿಂದ ನೀರಿನಂಶ ಹೆಚ್ಚಿತ್ತು. ಚೌತಿಯ ಹೊತ್ತಿಗೆ ನೊರೆಯೆದ್ದು ಹುಳಿ ವಾಸನೆ ಬಂತು. ಚೆಲ್ಲಿದೆ.

ಹಾಗಾಗಿ ಪಾಕ ಕೊಡದೆ ಸಾಕಬಹುದೇ ಎಂಬ ನಿಮ್ಮ ಮೂರನೇ ಪ್ರಶ್ನೆಗೆ ನನ್ನ ಉತ್ತರ: ಬೇಡ. ಮಳೆಗಾಲದ ಪಾಕ ನಿಮ್ಮ ಬಾಟಲಿಗೆ ಬರುವುದಿಲ್ಲ, ಏಕೆಂದರೆ ಆಗ ಜೇನು ಕೋಣೆಯೇ ಪೆಟ್ಟಿಗೆಯ ಮೇಲೆ ಇರಬಾರದು. ಕೊಟ್ಟದ್ದನ್ನು ನೊಣಗಳು ತಿಂದು ಮರಿ ಸಾಕಲು ಖರ್ಚು ಮಾಡುತ್ತವೆ. ಹೂ ಶುರುವಾದಾಗ ನಿಲ್ಲಿಸಿಬಿಡಿ. ಹೂವಿನ ಕಾಲದಲ್ಲಿ, ಜೇನು ಕೋಣೆ ಇಟ್ಟ ಮೇಲೆ ಪಾಕ ಕೊಡುವುದೇ ಮೋಸ, ಅದನ್ನು ಯಾವತ್ತೂ ಮಾಡಬೇಡಿ. ಸಮ ಪ್ರಮಾಣದ ಸಕ್ಕರೆ, ನೀರು ಕಾಯಿಸಿ ಆರಿಸಿ, ತೆಂಗಿನ ಗರಟೆಯಲ್ಲಿ ಹಾಕಿ, ನೊಣ ಮುಳುಗದಂತೆ ನಾಲ್ಕು ಕಡ್ಡಿ ಇಟ್ಟು, ಸಂಜೆ ಪೆಟ್ಟಿಗೆಯ ಒಳಗೆ ಇಡಬೇಕು. ಹೊರಗೆ ಒಂದು ಹನಿಯೂ ಚೆಲ್ಲಬಾರದು, ಇರುವೆ ಬರುತ್ತದೆ, ಬೇರೆ ಸಂಸಾರದ ನೊಣಗಳು ದರೋಡೆಗೆ ಬರುತ್ತವೆ. ನಾನು ಈಗ ಪೆಟ್ಟಿಗೆಗೆ ವಾರಕ್ಕೆ 300 ಗ್ರಾಂ ಸಕ್ಕರೆಯ ಲೆಕ್ಕ ಇಟ್ಟಿದ್ದೇನೆ. ನಾಲ್ಕು ತಿಂಗಳಿಗೆ ಐದು ಕೆ.ಜಿ. ಅಷ್ಟನ್ನು ಉಳಿಸಲು ಹೋಗಿ ಒಂದು ಸಂಸಾರ ಕಳೆದುಕೊಂಡೆ.

ಮೆಲ್ಲಿಫೆರಾ ಹಿತ್ತಲಿಗೆ ಬೇಡವೇ ಬೇಡ. ಅದನ್ನು ಸಾಕುವವರು ಸೂರ್ಯಕಾಂತಿ ಹೂ ಬಿಟ್ಟಲ್ಲಿಗೆ ಪೆಟ್ಟಿಗೆ ಹೊತ್ತು ಊರೂರು ತಿರುಗುತ್ತಾರೆ. ಅದರ ಹೊಟ್ಟೆ ದೊಡ್ಡದು, ನೊಣದ ಮೈಗೆ ಅಂಟುವ ವರೋವಾ ಎಂಬ ನುಸಿಯ ಕಾಟವೂ ಹೆಚ್ಚು. ತುಡುವೆ ನಮ್ಮ ನೆಲದ್ದು, ಆ ನುಸಿಯನ್ನು ಮೈಯಿಂದ ಕೊಡವಿ ತೆಗೆಯುವುದು ಅದಕ್ಕೆ ಗೊತ್ತು.

ಇನ್ನು ಎಷ್ಟು ಕೆ.ಜಿ. ಎಂಬ ಪ್ರಶ್ನೆ. ದಯವಿಟ್ಟು ಮೊದಲ ವರ್ಷ ಅದನ್ನು ಕೇಳಬೇಡಿ. ಎರಡು ಕೆ.ಜಿ. ಸಿಕ್ಕರೆ ಮನೆಮಂದಿ ತಿಂದು ಸುಮ್ಮನಿರಿ. ಸಂಸಾರ ಕೋಣೆಗೆ ಚಾಕು ಹಾಕಬೇಡಿ, ಮಳೆ ಶುರುವಾದ ಮೇಲೆ ಒಂದು ಚಮಚವನ್ನೂ ತೆಗೆಯಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಪೆಟ್ಟಿಗೆಯ ಹತ್ತಿರ ಹೋಗುವವರು ಮನೆಯಲ್ಲಿ ಯಾರಿದ್ದಾರೆ, ಅದನ್ನು ಮೊದಲು ನೋಡಿ. ಯಾರೂ ಇಲ್ಲವಾದರೆ ಪೆಟ್ಟಿಗೆ ತರಬೇಡಿ.

ಮರುವರ್ಷ ಅಕ್ಟೋಬರಿನಲ್ಲಿ ಅಜ್ಜ ಇನ್ನೊಂದು ಸಂಸಾರ ಕೊಟ್ಟರು, ಹಣ ಮುಟ್ಟಲಿಲ್ಲ. "ಮೊದ್ಲು ಐದು ಕೆ.ಜಿ. ಸಕ್ರೆ ತಗಂಡು ಬಂದು ತೋರ್ಸು" ಎಂದರು. ತೋರಿಸಿ ತಂದೆ. ಆ ಸಂಸಾರ ಮೂರಾಗಿ ಇವತ್ತಿಗೂ ಹಿತ್ತಲಲ್ಲಿದೆ.

ನಿಮ್ಮ ಊರು ಯಾವುದೆಂದು ಬರೆದಿಲ್ಲ. ಮಲೆನಾಡಾದರೆ ಮಳೆ ಕಳೆದ ಮೇಲೆ, ಅಕ್ಟೋಬರ್-ನವೆಂಬರಿನಲ್ಲಿ, ಒಂದೇ ಸಂಸಾರ ತನ್ನಿ. ಬಯಲುಸೀಮೆಯಾದರೆ ಹೂವಿಲ್ಲದ ತಿಂಗಳು ಬೇರೆ ಇರುತ್ತದೆ. ಯಾವ ಊರು, ಸುತ್ತ ಒಂದು ಕಿಲೋಮೀಟರಿನಲ್ಲಿ ಯಾವ ಮರಗಳಿವೆ, ಯಾರಾದರೂ ತರಕಾರಿಗೆ ಕೀಟನಾಶಕ ಹೊಡೆಯುತ್ತಾರೋ ಎಂದು ತಿಳಿಸಿದರೆ ಪೆಟ್ಟಿಗೆ ಎಲ್ಲಿ, ಯಾವ ಮುಖಕ್ಕೆ ಇಡಬಹುದು ಎಂದು ಹೇಳುತ್ತೇನೆ.