ಜೋಕರ್ ಮುಖ ಬಫೂನ್ ಥರ ಕಾಣುವುದು ಯಾಕೆ: ಮೂರು ಫೋಟೊ ಹಾಕಿದವರಿಗೆ

ಸಿನಿಮಾ, ಕಾಮಿಕ್ಸ್ ಅಭಿಮಾನಿಗಳು ವೇಷ ಹಾಕಿಕೊಂಡು ಸೇರುವ ಕಾಮಿಕ್ ಕಾನ್ ಮೇಳಕ್ಕೆ, ಬ್ಯಾಟ್‌ಮನ್ ಸಿನಿಮಾ 'ದಿ ಡಾರ್ಕ್ ನೈಟ್'ನ ಖಳ ಜೋಕರ್ ಆಗಿ ಹೊರಟವರು ಈ ಗುಂಪಿನಲ್ಲಿ ಮೂರು ಫೋಟೊ ಹಾಕಿ, ಎಲ್ಲ ಬಣ್ಣ ಸರಿ ಇದ್ದರೂ ಸರ್ಕಸ್ ಬಫೂನ್ ಥರ ಯಾಕೆ ಕಾಣುತ್ತೆ ಅಂತ ಕೇಳಿದ್ದೀರಿ. ಬಣ್ಣದ ತಪ್ಪಲ್ಲ. ಸ್ಪಂಜಿನಲ್ಲಿ ಕಿವಿಯಿಂದ ಕಿವಿಗೆ ಒಂದೇ ಸಮ ಬಿಳಿ ತಟ್ಟಿ, ಮೇಲೆ ಪೌಡರ್ ಒತ್ತಿ ಕೂರಿಸಿದ್ದೀರಿ. ಮೊದಲ ಸಲ ಈ ವೇಷ ಹಾಕುವವರೆಲ್ಲ ಎಡವುವುದು ಇಲ್ಲೇ. ಎಷ್ಟು ನೀಟಾಗಿ ಬಳಿಯುತ್ತೀರೋ ಪಾತ್ರದಿಂದ ಅಷ್ಟು ದೂರ ಹೋಗುತ್ತೀರಿ, ಯಾಕೆಂದರೆ ಈ ಜೋಕರ್ ತನ್ನ ಮುಖಕ್ಕೆ ತಾನೇ ಬಣ್ಣ ಬಳಿದುಕೊಂಡು, ಅದರಲ್ಲೇ ಮಲಗೆದ್ದವನ ಹಾಗೆ ಕಾಣಬೇಕು.

2008ರ ಆ ಸಿನಿಮಾದಲ್ಲಿ ಜೋಕರ್ ಆದ ನಟ ಹೀತ್ ಲೆಡ್ಜರ್‌ಗೆ ಬಣ್ಣ ಹಚ್ಚಿದವರು ಜಾನ್ ಕ್ಯಾಗ್ಲಿಯೋನೆ, ಗಾಯದ ಗುರುತು ಮಾಡಿದವರು ಕಾನರ್ ಓ'ಸಲ್ಲಿವನ್. ಆ ಕೆಲಸಕ್ಕೆ ಇಬ್ಬರೂ ಆಸ್ಕರ್ ನಾಮನಿರ್ದೇಶನ ಪಡೆದರು. ಕ್ಯಾಗ್ಲಿಯೋನೆ ಮಾಡಿದ್ದು ಇಷ್ಟು: ನಟನಿಗೆ ಮುಖ ಸೊಟ್ಟ ಮಾಡಿ ಹಿಡಿಯಲು ಹೇಳಿ, ಆ ಸ್ಥಿತಿಯಲ್ಲೇ ಬಿಳಿ ಹಚ್ಚಿದರು. ಮುಖ ಸಡಿಲಿಸಿದಾಗ ಸುಕ್ಕಿನೊಳಗೆ ಬಿಳಿ ಹೋಗಿರುವುದಿಲ್ಲ, ಅಲ್ಲೆಲ್ಲ ಚರ್ಮದ ಗೆರೆ ಕಾಣುತ್ತದೆ. ಆ ಗೆರೆಗಳನ್ನು ಯಾವ ಬ್ರಷ್‌ನಿಂದಲೂ ಬರೆಯಲಾಗುವುದಿಲ್ಲ. ಬರೆಯಲು ಹೋದವರ ಹಣೆ ನೋಟ್‌ಬುಕ್ಕಿನ ಹಾಳೆಯಂತೆ ಕಾಣುತ್ತದೆ.

ಹಾಗಾಗಿ ಸ್ಪಂಜು ಬಿಡಿ. ಅರ್ಧ ಇಂಚಿನ ಚಪ್ಪಟೆ ಬ್ರಷ್ ಸಾಕು. ಹುಬ್ಬು ಪೂರ್ತಿ ಮೇಲೆತ್ತಿ ಹಣೆ ಸುಕ್ಕು ಮಾಡಿ, ಹಾಗೇ ಹಿಡಿದು ಹಣೆಗೆ ಹಚ್ಚಿ. ಮೂಗು ಮುದುರಿ ಮೂಗಿನ ಬದಿಗೆ, ಹಲ್ಲು ಕಿಸಿದು ಕೆನ್ನೆಗೆ. ಒಂದೊಂದು ಜಾಗಕ್ಕೂ ಬಟಾಣಿಯಷ್ಟು ಬಣ್ಣ, ಹೆಚ್ಚು ಬೇಡ. ದಪ್ಪಗೆ ಹಚ್ಚಿದರೆ ಮುಖ ಸಡಿಲಿಸಿದಾಗ ಬಣ್ಣ ಜಾರಿ ಸುಕ್ಕಿನೊಳಗೆ ತುಂಬಿಕೊಳ್ಳುತ್ತದೆ, ಮಾಡಿದ ಕೆಲಸವೆಲ್ಲ ವ್ಯರ್ಥ. ಕೂದಲಂಚು, ದವಡೆ, ಕುತ್ತಿಗೆ ಕಡೆ ಅಂಚು ಹರಿದುಹೋದಂತಿರಲಿ. ಬಿಳಿಯ ಮೇಲೆ ಪೌಡರ್ ದವಡೆಯ ಕೆಳಗೆ ಮಾತ್ರ, ಕೋಟಿನ ಕಾಲರ್ ಉಜ್ಜುವ ಜಾಗಕ್ಕೆ.

ನಮ್ಮ ಮೈಬಣ್ಣಕ್ಕೆ ಒಂದು ಎಚ್ಚರಿಕೆ. ಕಂದು ಚರ್ಮದ ಮೇಲೆ ತೆಳು ಬಿಳಿ ಬೂದಿ ಹೊಡೆಯುತ್ತದೆ, ಗಡ್ಡದ ಜಾಗ ನೀಲಿಯಾಗುತ್ತದೆ. ಬಿಳಿಗೆ ಮುಂಚೆ ಗಡ್ಡ, ಮೀಸೆಯ ಜಾಗಕ್ಕೆ ನೀಲಿ ಛಾಯೆ ಮುಚ್ಚುವ ಕಿತ್ತಳೆ ಕ್ರೀಮ್ (ಕರೆಕ್ಟರ್) ತೆಳ್ಳಗೆ ತಟ್ಟಿ. ಬೂದಿಯನ್ನು ಮುಚ್ಚಲು ಎರಡನೇ ಕೋಟ್ ಬಿಳಿ ಹಾಕಬೇಡಿ. ಶೇವಿಂಗ್ ಹಿಂದಿನ ದಿನವೇ ಮುಗಿಸಿ, ಅವತ್ತು ಬೆಳಿಗ್ಗೆ ಮಾಡಿದರೆ ಗಾಯದ ತುಂಡು ಅಂಟಿಸುವ ಗಮ್ ತಾಗಿ ಉರಿಯುತ್ತದೆ.

ಕಣ್ಣು. ನಿಮ್ಮ ಕಪ್ಪು ಬಿಳಿಯ ಮೇಲೆ ಕೂತಿದೆ, ಅದಕ್ಕೇ ಬೂದು ಬೂದಾಗಿದೆ. ಬಿಳಿ ಹಚ್ಚುವಾಗಲೇ ಕಣ್ಣಿನ ಗುಳಿಯನ್ನು ಖಾಲಿ ಬಿಡಬೇಕು. ಆಮೇಲೆ ಕಣ್ಣು ಬಿಗಿಯಾಗಿ ಹಿಂಡಿ ಮುಚ್ಚಿಕೊಂಡು ಕಪ್ಪನ್ನು ಬೆರಳಿನಿಂದ ಹಚ್ಚಿ. ಅಲ್ಲಿಗೆ ನೀರಿನಲ್ಲಿ ಕರಗುವ ಕಪ್ಪೇ ಬೇಕು, ಎಣ್ಣೆಯ ಕಪ್ಪು ಹರಿಯುವುದಿಲ್ಲ. ಕಣ್ಣು ಮುಚ್ಚಿಯೇ ಸ್ಪ್ರೇ ಬಾಟಲಿಯಿಂದ ಒಂದೆರಡು ಸಲ ನೀರು ಹೊಡೆದು, ಹಿಂಡಿ, ತಲೆ ಕೊಡವಿ. ಕೆಳಗಿಳಿದ ಕಪ್ಪನ್ನು ಒರೆಸಬೇಡಿ. ರೆಪ್ಪೆಯ ಒಳಂಚಿಗೆ ಮಾತ್ರ ಏನೂ ಬೇಡ.

ಗಾಯಕ್ಕೆ ಕೊಲೋಡಿಯನ್ ದ್ರವ ಬಳಸಿದ್ದೀರಿ ಅಂತ ಕಾಣುತ್ತದೆ. ಅದು ಒಣಗುತ್ತಾ ಚರ್ಮವನ್ನು ಒಳಗೆ ಎಳೆದು ಗುಳಿ ಮಾಡುತ್ತದೆ, ತಲವಾರಿನ ಹಳೆಯ ಗೆರೆಗೆ ಸರಿ. ಈ ಜೋಕರ್‌ನ ಕೆನ್ನೆ ಕೊಯ್ದು, ಹೇಗೋ ಹೊಲಿದು, ಗಂಟುಗಟ್ಟಿ ಉಬ್ಬಿದ್ದು. ತುಟಿ ಅಂಚಿಗೆ ಕೊಲೋಡಿಯನ್ ಹಚ್ಚುವುದಂತೂ ತಪ್ಪೇ ತಪ್ಪು. ಸಿನಿಮಾದವರು ಸಿಲಿಕೋನ್ ತುಂಡು ಬಳಸಿದರು. ನಮಗೆ ಲೇಟೆಕ್ಸ್ (ದ್ರವ ರಬ್ಬರ್) ಸಾಕು. ಗಾಜಿನ ಮೇಲೆ ಲೇಟೆಕ್ಸ್ ಸವರಿ, ಟಿಶ್ಯೂ ಪೇಪರನ್ನು ಹುರಿ ಮಾಡಿ ಅದರ ಮೇಲಿಟ್ಟು, ಮತ್ತೆ ಲೇಟೆಕ್ಸ್, ಹೀಗೆ ಮೂರು ನಾಲ್ಕು ಪದರ. ಪ್ರತಿ ಪದರ ಒಣಗಬೇಕು, ಹೇರ್ ಡ್ರೈಯರ್ ತಣ್ಣನೆ ಗಾಳಿಯಲ್ಲಿರಲಿ. ಉದ್ದ 5ರಿಂದ 6 ಸೆಂ.ಮೀ., ನಡುವೆ 4 ಮಿ.ಮೀ. ದಪ್ಪ, ಅಂಚು ಕಾಗದಕ್ಕಿಂತ ತೆಳು. ಎಡಕ್ಕೂ ಬಲಕ್ಕೂ ಒಂದೇ ಆಕಾರ ಮಾಡಬೇಡಿ, ಸಿನಿಮಾದಲ್ಲೂ ಎರಡು ಬದಿ ಒಂದೇ ಥರ ಇಲ್ಲ. ಗಾಜಿನಿಂದ ಬಿಡಿಸುವಾಗ ಪೌಡರ್ ಹಾಕುತ್ತಾ ಎತ್ತಿ, ಇಲ್ಲದಿದ್ದರೆ ತನಗೆ ತಾನೇ ಅಂಟಿ ಮುದ್ದೆಯಾಗುತ್ತದೆ. ಹಿಂದಿನ ದಿನ ಒಳತೋಳಿಗೆ ಒಂದು ಹನಿ ಹಚ್ಚಿ 24 ಗಂಟೆ ನೋಡಿ, ಲೇಟೆಕ್ಸ್ ಕೆಲವರಿಗೆ ಆಗುವುದೇ ಇಲ್ಲ. ಅವರು ಸಿಲಿಕೋನ್ ತುಂಡನ್ನೇ ಕೊಳ್ಳಲಿ.

ಅಂಟಿಸಲು ಪ್ರೋಸ್-ಏಡ್, ಅಂದರೆ ಚರ್ಮಕ್ಕೆ ಹಚ್ಚುವ ಮೇಕಪ್ ಗಮ್. ತುಂಡಿಗೂ ಕೆನ್ನೆಗೂ ಹಚ್ಚಿ, ಹಾಲಿನ ಬಣ್ಣ ಹೋಗಿ ಪೂರಾ ಪಾರದರ್ಶಕವಾದ ಮೇಲೆ ಒತ್ತಿ. ಅವಸರಪಟ್ಟು ಹಸಿಯಿರುವಾಗ ಒತ್ತಿದರೆ ಒಂದು ಗಂಟೆಯಲ್ಲಿ ಮೂಲೆ ಎದ್ದಿರುತ್ತದೆ. ಬಾಯಂಚಿನಿಂದ 3 ಮಿ.ಮೀ. ದೂರ ನಿಲ್ಲಿಸಿ, ಮೊದಲು ಬಿಡುವುದು ಅಲ್ಲೇ. ಆ ಸಂದನ್ನು ಕೆಂಪು ಬಣ್ಣ ಮುಚ್ಚುತ್ತದೆ. ಬಿಳಿ ಬಣ್ಣದಲ್ಲಿರುವ ಎಣ್ಣೆ ಲೇಟೆಕ್ಸನ್ನು ಮೆತ್ತಗೆ ಮಾಡುವುದರಿಂದ ತುಂಡಿನ ಮೇಲೆ ಪ್ರೋಸ್-ಏಡ್‌ನ ಇನ್ನೊಂದು ತೆಳು ಕೋಟ್, ಅದರ ಮೇಲೆ ಪೌಡರ್, ಆಮೇಲಷ್ಟೇ ಬಿಳಿ. ಅಂದರೆ ಗಾಯ ಮೊದಲು, ಬಣ್ಣ ನಂತರ. ಫೆವಿಕಾಲ್ ನಡೆಯುತ್ತಾ ಅಂತ ನಿಮ್ಮ ಫೋಟೊ ಕೆಳಗೆ ಕಾಮೆಂಟಿನಲ್ಲಿ ಒಬ್ಬರು ಕೇಳಿದ್ದಾರೆ. ನಡೆಯುವುದಿಲ್ಲ. ಫೆವಿಕ್ವಿಕ್ ಮಾತು ಎತ್ತಿದವರು ದಯವಿಟ್ಟು ಆ ಕಾಮೆಂಟ್ ಅಳಿಸಿ, ಚಿಕ್ಕ ಹುಡುಗರೂ ಈ ಗುಂಪಿನಲ್ಲಿದ್ದಾರೆ. ಪೋಸ್ಟರ್ ಕಲರ್, ಫ್ಯಾಬ್ರಿಕ್ ಪೇಂಟ್ ಕೂಡ ಚರ್ಮಕ್ಕಲ್ಲ.

ಬ್ರ್ಯಾಂಡ್ ಬಗ್ಗೆ: ಬಿಳಿಗೆ ಕ್ರಯೋಲಾನ್ ಕಂಪನಿಯ ಎಣ್ಣೆ ಬಣ್ಣ ಸುಪ್ರಾಕಲರ್, ಕಣ್ಣಿನ ಕಪ್ಪಿಗೆ ಅದೇ ಕಂಪನಿಯ ನೀರಿನ ಬಣ್ಣ ಅಕ್ವಾಕಲರ್. ಇವೆರಡನ್ನೂ ಅದಲುಬದಲು ಮಾಡಬೇಡಿ. ಅಕ್ವಾಕಲರ್ ಬಿಳಿ ಬೆವರಿಗೆ ಕರಗಿ ಪಟ್ಟೆ ಪಟ್ಟೆಯಾಗುತ್ತದೆ. ಮೆಹ್ರಾನ್ ಕ್ಲೌನ್ ವೈಟ್ ಒಳ್ಳೆಯದೇ, ಆದರೆ ಈ ಮುಖಕ್ಕೆ ತೀರಾ ಗಟ್ಟಿ ಬಿಳಿ ಅನಿಸುತ್ತದೆ. ಖರ್ಚು ಉಳಿಸಬೇಕಾದರೆ ಔಷಧಿ ದರ್ಜೆಯ ಝಿಂಕ್ ಆಕ್ಸೈಡ್ ಪುಡಿಗೆ ಕೊಬ್ಬರಿ ಎಣ್ಣೆ ಹನಿಹನಿಯಾಗಿ ಹಾಕಿ, ಬ್ರಷ್‌ಗೆ ಹತ್ತುವಷ್ಟು ಗಟ್ಟಿ ಇರುವಾಗಲೇ ನಿಲ್ಲಿಸಿ. ಸಫೇದ ಅಂತ ಬಿಡಿಯಾಗಿ ಮಾರುವ ಪುಡಿ ಬೇಡ, ಆ ಹೆಸರಿನಲ್ಲಿ ಸೀಸದ ಬಿಳಿಯೂ ಬರುತ್ತದೆ.

ಕೆಂಪು ಕಡುಗೆಂಪಾಗಿರಲಿ, ಕಿತ್ತಳೆ ಛಾಯೆ ಬಂದರೆ ಮತ್ತೆ ಸರ್ಕಸ್. ತುಟಿಗೆ ಹಚ್ಚಿ, ಹೆಬ್ಬೆರಳಲ್ಲಿ ಗಾಯದ ಉದ್ದಕ್ಕೂ ಎಳೆದು ಬಿಡಿ. ಬೆರಳಿಗೆ ಹತ್ತಿದ ಮೂರೂ ಬಣ್ಣ ಹಾಗೇ ಇರಲಿ. ಸಿನಿಮಾದ ಲೆಡ್ಜರ್ ಥರ ತುಟಿ ನೆಕ್ಕುವುದನ್ನು ಮಾತ್ರ ಫೋಟೊ ಹೊತ್ತಿಗಷ್ಟೇ ಮಾಡಿ, ದಿನವಿಡೀ ನೆಕ್ಕಿದರೆ ಬಣ್ಣ ಹೊಟ್ಟೆಗೆ, ಗಮ್ ನೆಲಕ್ಕೆ.

ಯಾವ ದೃಶ್ಯದ ಜೋಕರ್ ಅಂತ ಮೊದಲೇ ತೀರ್ಮಾನಿಸಿ. ಬ್ಯಾಂಕಿನಲ್ಲಿ ಮುಖವಾಡ ತೆಗೆದಾಗಿನ ಮುಖ ಬೇರೆ, ಪೊಲೀಸ್ ವಿಚಾರಣೆ ಕೋಣೆಯ ಮುಖ ಬೇರೆ. ಎರಡನೆಯದರಲ್ಲಿ ಬಿಳಿ ಅರ್ಧ ಹೋಗಿ ಚರ್ಮ ಕಾಣುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗೆ ಜನಸಂದಣಿಯಲ್ಲಿ ನಿಲ್ಲುವವರಿಗೆ ವಿಚಾರಣೆ ಕೋಣೆಯ ಜೋಕರೇ ಕ್ಷೇಮ, ಬೆವರು ನಿಮ್ಮ ಪರವಾಗಿ ಕೆಲಸ ಮಾಡುತ್ತದೆ.

ಕೂದಲಿಗೆ ನೀವು ಹೊಡೆದ ಹಸಿರು ಸ್ಪ್ರೇ ನಮ್ಮ ಕಪ್ಪು ಕೂದಲಿನ ಮೇಲೆ ಪಾಚಿ ಥರ ಕೂರುತ್ತದೆ. ಮಾಸಲು ಹೊಂಬಣ್ಣದ ಗುಂಗುರು ವಿಗ್ ತನ್ನಿ. ಸಿಂಥೆಟಿಕ್ ವಿಗ್‌ಗೆ ಹೇರ್ ಡೈ ಹತ್ತುವುದಿಲ್ಲ, ಆಲ್ಕೊಹಾಲ್ ಇಂಕ್ ಹಚ್ಚಿ, ಅಲ್ಲಲ್ಲಿ ಹೊಂಬಣ್ಣ ಉಳಿಯಲಿ. ಜೆಲ್ ಹಾಕಿ ಜಿಡ್ಡು ಜಿಡ್ಡಾಗಿ ಹಿಂದಕ್ಕೆ ತಳ್ಳಿ.

ಕೋಟು ಸ್ಯಾಟಿನ್ ಆಗಿರುವುದು ಫೋಟೊದಲ್ಲೇ ಹೊಳೆಯುತ್ತಿದೆ. ಚಿಕ್ಕಪೇಟೆಯಲ್ಲಿ ಹೊಳಪಿಲ್ಲದ ನೇರಳೆ ಸೂಟಿಂಗ್ ಬಟ್ಟೆ ತಂದು ಹೊಲಿಸಿ, ಮೊಣಕೈ, ಜೇಬಿನ ಅಂಚಿಗೆ ಮರಳುಕಾಗದ ಉಜ್ಜಿ. ಹಸಿರು ವೇಸ್ಟ್‌ಕೋಟ್ ಮರೆಯಬೇಡಿ. ಚಾಕು ಫೋಮಿನದೇ ಇರಲಿ, ಗೇಟಿನಲ್ಲಿ ಲೋಹದ್ದು ಒಳಗೆ ಬಿಡುವುದಿಲ್ಲ.

ಹೆಲ್ಮೆಟ್ ಹಾಕಿಕೊಂಡು ಬೈಕಿನಲ್ಲಿ ಬರುವವರು ಗಾಯವನ್ನಷ್ಟೇ ಮನೆಯಲ್ಲಿ ಅಂಟಿಸಿ, ಬಣ್ಣ ಅಲ್ಲಿಗೆ ಹೋಗಿ ಹಚ್ಚಿ. ತೆಗೆಯುವಾಗ ಮೊದಲು ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಬಿಡಿಸಿ, ಆಮೇಲೆ ಗಮ್ ರಿಮೂವರ್‌ನಲ್ಲಿ ಅದ್ದಿದ ಇಯರ್‌ಬಡ್ ಅನ್ನು ಅಂಚಿನಡಿ ಆಡಿಸುತ್ತಾ ಎತ್ತಿ. ಕಿತ್ತರೆ ಚರ್ಮವೂ ಬರುತ್ತದೆ. ಪ್ರೋಸ್-ಏಡ್ ಎರಡನೇ ಕೋಟ್ ಒಣಗುವ ಹೊತ್ತು ಸೇರಿ ಎರಡು ಗಂಟೆ ಇಟ್ಟುಕೊಳ್ಳಿ, ಒಮ್ಮೆ ಮನೆಯಲ್ಲೇ ಪೂರ್ತಿ ಮಾಡಿ ನೋಡಿ, ಕಿಟಕಿ ಬೆಳಕಿನಲ್ಲಿ ತೆಗೆದ ಫೋಟೊ ಇಲ್ಲೇ ಹಾಕಿ. ರಿಂಗ್ ಲೈಟ್ ಬೇಡ, ಸುಕ್ಕಿನ ಗೆರೆಯೆಲ್ಲ ಅದರಲ್ಲಿ ಅಳಿಸಿಹೋಗುತ್ತದೆ.