ಇಳಿಜಾರಿನಲ್ಲಿ ಅಣ್ಣನೇ ಮುಂದೆ ಯಾಕೆ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ‘ಎತ್ತರದಿಂದ ಇಳಿಯುವ ವಸ್ತುವಿನ ಪ್ರಚ್ಛನ್ನ ಶಕ್ತಿ (ಎತ್ತರದಲ್ಲಿರುವುದರಿಂದ ಸಿಗುವ ಶಕ್ತಿ) ಪೂರ್ತಿಯಾಗಿ ಚಲನ ಶಕ್ತಿಯಾಗುತ್ತದೆ, ತೂಕ ಎಷ್ಟಿದ್ದರೂ ವೇಗ ಒಂದೇ’ ಎಂದು ಬರೆದಿದ್ದೀರಿ. ನಾನು, ನನ್ನ ಅಣ್ಣ ಒಂದೇ ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಸೈಕಲ್ ಬಿಟ್ಟೆವು. ನನಗಿಂತ ದಪ್ಪಗಿರುವ ಅಣ್ಣ ಪ್ರತಿ ಸಲವೂ ಮುಂದೆ ಹೋದ. ಎದುರಿನ ಏರಿನಲ್ಲಿ ಇಬ್ಬರೂ ಅರ್ಧದಷ್ಟೂ ಹತ್ತಲಿಲ್ಲ. ಉಳಿದ ಶಕ್ತಿ ಎಲ್ಲಿಗೆ ಹೋಯಿತು? ಇನ್ನೊಂದು ಪ್ರಶ್ನೆ. ಮೇಲೆ ನಿಂತಾಗ ಆ ಶಕ್ತಿ ಅಡಗಿರುವುದು ಸೈಕಲ್ಲಿನಲ್ಲೋ, ನನ್ನಲ್ಲೋ?

ಸಂಪಾದಕರ ಉತ್ತರ: ಮೊದಲು ತಪ್ಪೊಪ್ಪಿಗೆ. ‘ಪೂರ್ತಿಯಾಗಿ’ ಎಂಬ ಪದವನ್ನು ನಾವು ಬಳಸಬಾರದಿತ್ತು. ಗಾಳಿ ಇಲ್ಲದ, ಉಜ್ಜಾಟ ಇಲ್ಲದ ಕಡೆ ಮಾತ್ರ ಆ ಮಾತು ನಿಜ. 1971ರಲ್ಲಿ ಅಪೊಲೊ 15ರ ಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಕೈಯಿಂದ ಸುತ್ತಿಗೆ, ಇನ್ನೊಂದು ಕೈಯಿಂದ ಹಕ್ಕಿಯ ಗರಿ ಒಟ್ಟಿಗೆ ಬಿಟ್ಟರು. ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಅಲ್ಲಿ ಗಾಳಿ ಇರಲಿಲ್ಲ. ನೀವು ಸೈಕಲ್ ಬಿಟ್ಟ ಕಡೆ ಇತ್ತು. ನಿಮ್ಮ ಜಗಳ ಇರುವುದು ಅದರ ಜೊತೆ, ಅಣ್ಣನ ಜೊತೆ ಅಲ್ಲ.

ನಿಮ್ಮ ಇಳಿಜಾರು ಎಷ್ಟಿತ್ತೋ ನೀವು ಬರೆದಿಲ್ಲ. ಹಾಗಾಗಿ ನಾನೇ ಒಂದನ್ನು ಊಹಿಸಿಕೊಂಡು ಲೆಕ್ಕಕ್ಕೆ ಕೂತೆ. ರಸ್ತೆಯ ಉದ್ದ 200 ಮೀಟರ್, ಅಷ್ಟರಲ್ಲಿ 10 ಮೀಟರ್ ಇಳಿತ. ಸೈಕಲ್ ಸೇರಿ ನೀವು 80 ಕಿಲೋ, ಅಣ್ಣ 110 ಕಿಲೋ ಅಂತಿಟ್ಟುಕೊಳ್ಳೋಣ. (ಅಣ್ಣನಿಗೆ ಇದನ್ನು ತೋರಿಸಬೇಡಿ.) ತೂಕ, ಎತ್ತರ, ಮತ್ತೆ 9.8 ಎಂಬ ಗುರುತ್ವದ ಸಂಖ್ಯೆ, ಈ ಮೂರನ್ನು ಗುಣಿಸಿದರೆ ಮೇಲೆ ನಿಂತಾಗ ನಿಮ್ಮ ಖಾತೆಯಲ್ಲಿರುವ ಶಕ್ತಿ ಸಿಗುತ್ತದೆ: 7,840 ಜೂಲ್. ಅಣ್ಣನದು 10,780. ನೂರು ಗ್ರಾಂ ವಸ್ತುವನ್ನು ಒಂದು ಮೀಟರ್ ಎತ್ತಲು ಬೇಕಾಗುವುದು ಹೆಚ್ಚುಕಡಿಮೆ ಒಂದು ಜೂಲ್.

ಅಣ್ಣನ ಹತ್ತಿರ ಜಾಸ್ತಿ ಇದೆ ನಿಜ. ಆದರೆ ಓಡಿಸಬೇಕಾದ ಮೈಯೂ ಜಾಸ್ತಿ ಅಲ್ವಾ? ಬಂದದ್ದು ಅಲ್ಲಿಗೇ ಖರ್ಚು. ಹಾಗಾಗಿ ಗಾಳಿ, ಉಜ್ಜಾಟ ಎರಡೂ ಇಲ್ಲದಿದ್ದರೆ ನೀವಿಬ್ಬರೂ ಕೆಳಗೆ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ, ಜೊತೆಜೊತೆಗೇ ಬರುತ್ತಿದ್ದಿರಿ.

ಈಗ ಗಾಳಿಯನ್ನು ಸೇರಿಸೋಣ. ಸೈಕಲ್ ಮೇಲೆ ನೆಟ್ಟಗೆ ಕೂತವರ ಮೈಗೆ ತಾಗುವ ಗಾಳಿ, ಟೈರಿನ ಎಳೆತ ಇವುಗಳಿಗೆ ಸಾಮಾನ್ಯವಾದ ಬೆಲೆಗಳನ್ನು ಹಾಕಿ ನೋಡಿದೆ. ಕೆಳಗೆ ಬರುವಾಗ ನಿಮ್ಮ ವೇಗ 34 ಕಿಲೋಮೀಟರ್ ಆಸುಪಾಸು. ಚಲನ ಶಕ್ತಿಯಾಗಿ ಉಳಿದದ್ದು ಸುಮಾರು 3,560 ಜೂಲ್. ಅಂದರೆ ಅರ್ಧಕ್ಕಿಂತ ಹೆಚ್ಚು ದಾರಿಯಲ್ಲೇ ಸೋರಿಹೋಯಿತು. ಟೈರು ರಸ್ತೆಗೆ ಒತ್ತಿ, ನಜ್ಜಿ, ಮತ್ತೆ ಉಬ್ಬುವ ಕೆಲಸಕ್ಕೆ ಸುಮಾರು 940 ಹೋಯಿತು. ಮಿಕ್ಕ 3,340 ಗಾಳಿಯ ಪಾಲು. ನೀವು ಹಾದುಹೋದ ಮೇಲೆ ಹಿಂದೆ ಗಾಳಿ ಸುಳಿಸುಳಿಯಾಗಿ ತಿರುಗುತ್ತದೆ, ಸುಸ್ತಾಗಿ ನಿಲ್ಲುತ್ತದೆ, ಒಂದಿಷ್ಟು ಬೆಚ್ಚಗಾಗುತ್ತದೆ. ಎಷ್ಟು ಕಡಿಮೆ ಅಂದರೆ ಯಾವ ಥರ್ಮಾಮೀಟರಿಗೂ ಗೊತ್ತಾಗಲ್ಲ. ಆದರೂ ಲೆಕ್ಕ ಸರಿಹೋಗುತ್ತದೆ: 3,560, 940, 3,340. ಕೂಡಿ ನೋಡಿ, 7,840.

ಅಣ್ಣ ಮುಂದೆ ಹೋದ ಗುಟ್ಟು ಇಲ್ಲೇ ಇದೆ. ಗಾಳಿ ನೋಡುವುದು ನಿಮ್ಮ ತೂಕವನ್ನಲ್ಲ, ಎದುರಿನಿಂದ ಕಾಣುವ ಮೈಯ ಅಗಲವನ್ನು ಮತ್ತು ವೇಗವನ್ನು. ಅಣ್ಣನ ತೂಕ ನಿಮಗಿಂತ ಮೂರನೇ ಒಂದು ಪಾಲಿಗೂ ಜಾಸ್ತಿ. ಅಗಲ ಮಾತ್ರ ಹತ್ತರಲ್ಲಿ ಒಂದು ಪಾಲು ಜಾಸ್ತಿ ಇದ್ದೀತು, ಅಷ್ಟೇ. ಗಾಳಿ ಅವನಿಂದಲೂ ಕಿತ್ತುಕೊಂಡಿತು, ನಿಮಗಿಂತ ಹೆಚ್ಚೇ ಕಿತ್ತುಕೊಂಡಿತು. ಆದರೆ ಅವನ ಗಂಟು ದೊಡ್ಡದು. ಟೈರಿನ ಪಾಲೂ ಸೇರಿ ನಿಮ್ಮದು ನೂರಕ್ಕೆ 55ರಷ್ಟು ಹೋದರೆ ಅವನದು 49. ಕೆಳಗೆ ಅವನ ವೇಗ ಸುಮಾರು 36. ಬರೀ ಎರಡು ಕಿಲೋಮೀಟರ್ ವ್ಯತ್ಯಾಸ! ಅಷ್ಟಕ್ಕೇ ಅವನು ಹಿಂತಿರುಗಿ ನೋಡಿ ನಕ್ಕಿರುತ್ತಾನೆ.

ಮತ್ತೊಮ್ಮೆ ಇಳಿಯುವಾಗ ಒಂದು ವಿಷಯ ಗಮನಿಸಿ. ಮೊದಲ ಹತ್ತು ಹದಿನೈದು ಮೀಟರ್ ನೀವಿಬ್ಬರೂ ಅಕ್ಕಪಕ್ಕದಲ್ಲೇ ಇರುತ್ತೀರಿ. ವೇಗ ಕಡಿಮೆ ಇದ್ದಾಗ ಗಾಳಿ ಸುಮ್ನೆ ಇರುತ್ತದೆ. ಕಿವಿಯಲ್ಲಿ ‘ಭರ್’ ಅನ್ನೋ ಸದ್ದು ಶುರುವಾದ ಮೇಲೆಯೇ ಅಣ್ಣ ಜಾರಿಕೊಳ್ಳುವುದು.

ಎದುರಿನ ಏರಿನ ಕಥೆಯೂ ಇದೇ. ಕೈಯಲ್ಲಿ ಉಳಿದದ್ದು ಅರ್ಧಕ್ಕಿಂತ ಕಡಿಮೆ. ಹತ್ತುವಾಗ ಗಾಳಿ, ಟೈರು ಮತ್ತೆ ಪಾಲು ಕೇಳುತ್ತವೆ. ಅಷ್ಟೇ ಕಡಿದಾದ ಏರಾದರೆ, ನನ್ನ ಲೆಕ್ಕದಲ್ಲಿ ನೀವು 3 ಮೀಟರ್ ಎತ್ತರ ಹತ್ತಿ ಕಾಲೂರುತ್ತೀರಿ. ಟೆನಿಸ್ ಚೆಂಡಿನ ನಿಯಮದಲ್ಲೇ ಈ ಸೋರಿಕೆ ಬರೆದಿಟ್ಟಿದೆ. 254 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲದ ಮೇಲೆ ಬಿಟ್ಟರೆ ಮಾಮೂಲಿ ಚೆಂಡು 135ರಿಂದ 147 ಸೆಂಟಿಮೀಟರ್ ಪುಟಿಯಬೇಕು. ಬಿಟ್ಟಷ್ಟೇ ಎತ್ತರಕ್ಕೆ ಬರಲಿ ಎಂದು ಯಾರೂ ಕೇಳಿಲ್ಲ.

ವೇಗದ ಬಗ್ಗೆ ನೀವು ಕೇಳದೇ ಇದ್ದರೂ ಒಂದು ಮಾತು ಹೇಳಲೇಬೇಕು. ಚಲನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ಇದನ್ನು ಜನ ಸುಲಭಕ್ಕೆ ಒಪ್ಪಲಿಲ್ಲ. ವೇಗ ಎರಡಾದರೆ ಶಕ್ತಿಯೂ ಎರಡು ಎಂದು ವಾದಿಸಿದ ದೊಡ್ಡ ಗುಂಪೇ ಇತ್ತು. 1720ರ ದಶಕದಲ್ಲಿ ಹಾಲೆಂಡಿನ ಗ್ರಾವೆಸಾಂಡೆ ಎಂಬ ವಿಜ್ಞಾನಿ ಹಿತ್ತಾಳೆ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ ಕುಳಿಗಳನ್ನು ಅಳೆದ. ಎರಡರಷ್ಟು ವೇಗದ ಗುಂಡು ನಾಲ್ಕರಷ್ಟು ಕುಳಿ ತೋಡಿತ್ತು. ಫ್ರಾನ್ಸಿನ ವಿಜ್ಞಾನಿ ಎಮಿಲಿ ಡು ಶಾತ್ಲೆ 1740ರ ತನ್ನ ಪುಸ್ತಕದಲ್ಲಿ ಆ ಕುಳಿಗಳನ್ನೇ ಮುಂದಿಟ್ಟು ವಾದಿಸಿದಳು. ಎಷ್ಟೋ ದೊಡ್ಡ ಸೂತ್ರಗಳಿಗಿಂತ ಆ ಮಣ್ಣಿನ ಕುಳಿ ನನಗೆ ಜಾಸ್ತಿ ಇಷ್ಟ. ನಮ್ಮ ವಾಹನಗಳ ಲೆಕ್ಕವೂ ಅದೇ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಗುದ್ದುವುದು ಮೂರೂವರೆ ಮೀಟರ್ ಎತ್ತರದಿಂದ ಬಿದ್ದಂತೆ. 60ರಲ್ಲಿ ಗುದ್ದಿದರೆ 14 ಮೀಟರ್. ಒಂದು ಮಹಡಿ ಎಲ್ಲಿ, ನಾಲ್ಕು ಮಹಡಿ ಎಲ್ಲಿ!

ಬ್ರೇಕ್ ಹಾಕಿದಾಗ ಆ ಶಕ್ತಿಯೆಲ್ಲ ಬಿಸಿಯಾಗುತ್ತದೆ. ಉದ್ದನೆಯ ಇಳಿಜಾರಿನ ಕೊನೆಯಲ್ಲಿ ಡಿಸ್ಕ್ ಬ್ರೇಕಿನ ತಟ್ಟೆ ಮುಟ್ಟಲು ಹೋಗಬೇಡಿ, ಬೆರಳು ಸುಡುತ್ತದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಪತ್ರದಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ. ಇಲ್ಲಿ ನಮ್ಮ ಪದವೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಪ್ರಚ್ಛನ್ನ ಅಂದರೆ ಮುಚ್ಚಿಟ್ಟದ್ದು, ಮರೆಯಲ್ಲಿರುವುದು. ಹಾಗಂದ ತಕ್ಷಣ ಎಲ್ಲೋ ಒಂದು ಡಬ್ಬಿ ಇರಬೇಕು ಅನ್ನಿಸುತ್ತದೆ. ಡಬ್ಬಿ ಇಲ್ಲ. ಆ ಶಕ್ತಿ ಸೈಕಲ್ಲಿನಲ್ಲೂ ಇಲ್ಲ, ನಿಮ್ಮಲ್ಲೂ ಇಲ್ಲ. ನಿಮಗೂ ಭೂಮಿಗೂ ನಡುವಿನ ಎಳೆತಕ್ಕೆ ಸೇರಿದ್ದು ಅದು. ಸಾಲ ಇದ್ದ ಹಾಗೆ ಅಂದುಕೊಳ್ಳಿ. ಸಾಲ ಕೊಟ್ಟವನ ಜೇಬಿನಲ್ಲಿ ಹುಡುಕಿದರೂ ಸಿಗಲ್ಲ, ತಗೊಂಡವನ ಜೇಬಿನಲ್ಲೂ ಸಿಗಲ್ಲ. ಇಬ್ಬರ ನಡುವೆ ಇರುತ್ತದೆ. ಭೂಮಿಯನ್ನು ತೆಗೆದುಬಿಟ್ಟರೆ ನಿಮ್ಮ 7,840 ಜೂಲ್‌ಗೆ ಅರ್ಥವೇ ಇರಲ್ಲ.

ಇನ್ನೂ ಒಂದು ತಮಾಷೆ ಇದೆ. ಆ ಸಂಖ್ಯೆ ನಾವು ಎಲ್ಲಿಂದ ಅಳೆಯುತ್ತೇವೆ ಎಂಬುದರ ಮೇಲೆ ನಿಂತಿದೆ. ಮೇಜಿನ ಮೇಲಿನ ಲೋಟಕ್ಕೆ ಮೇಜಿನಿಂದ ಅಳೆದರೆ ಸೊನ್ನೆ. ನೆಲದಿಂದ ಅಳೆದರೆ ಒಂದಿಷ್ಟು. ಪಕ್ಕದಲ್ಲಿ ಬಾವಿ ಇದ್ದರೆ, ಅದರ ತಳದಿಂದ ಅಳೆದರೆ ಇನ್ನೂ ಜಾಸ್ತಿ. ಲೋಟ ಇದ್ದಲ್ಲೇ ಇದೆ! ಲೆಕ್ಕಕ್ಕೆ ಬರುವುದು ಎರಡು ಎತ್ತರಗಳ ನಡುವಿನ ವ್ಯತ್ಯಾಸ ಮಾತ್ರ.

ಅಣ್ಣನನ್ನು ಸೋಲಿಸುವ ಆಸೆ ಇದ್ದರೆ ದಾರಿ ಇದೆ. ಟೈರಿಗೆ ಗಟ್ಟಿಯಾಗಿ ಗಾಳಿ ಹೊಡೆಸಿ. ಮೈ ಬಗ್ಗಿಸಿ, ಮೊಣಕೈ ಒಳಗೆ ಎಳೆದುಕೊಂಡು ಕೂತುಕೊಳ್ಳಿ. ಹೆಗಲಿಗೆ ನೀರು ತುಂಬಿದ ಬಾಟಲಿಗಳ ಚೀಲ, ಒಂದು ಹತ್ತು ಕಿಲೋ, ಹಾಕಿಕೊಂಡರೂ ಆದೀತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಯಾವುದರಿಂದ ಎಷ್ಟು ಲಾಭ ಎಂದು ಬರೆದು ಕಳಿಸಿ. ಎದುರಿಗೆ ಗಾಡಿ ಬಂದರೆ ಮಾತ್ರ ಪ್ರಯೋಗ ಕೆಟ್ಟರೂ ಪರವಾಗಿಲ್ಲ, ಬ್ರೇಕ್ ಹಿಡಿಯಿರಿ.