ಮಾರ್ಲಿನ್ ಲಿವರ್ ಮಧ್ಯದಲ್ಲೇ ಸಿಕ್ಕಿಕೊಳ್ಳುವುದೇಕೆ?

ಪ್ರಶ್ನೆ: ನಾನಿರುವುದು ಟೆಕ್ಸಾಸ್‌ನಲ್ಲಿ. ಕೌಬಾಯ್ ಶೂಟಿಂಗ್ ಸ್ಪರ್ಧೆಗೆಂದು (ಹಳೆಯ ಕಾಲದ ಮಾದರಿಯ ಬಂದೂಕುಗಳಿಂದ ಗುರಿಗೆ ಹೊಡೆಯುವ ಆಟ) ಹಳೆಯ ಮಾರ್ಲಿನ್ 1894 ರೈಫಲ್ ಕೊಂಡೆ, .357 ಮ್ಯಾಗ್ನಂ ತೋಟೆಯದು. ಮೊದಮೊದಲು ಚೆನ್ನಾಗಿಯೇ ಇತ್ತು. ಈಗ ಹೊಸ ತೋಟೆ ತರಲು ಟ್ರಿಗರಿನ ಬಳಿಯ ಹಿಡಿಯನ್ನು, ಅಂದರೆ ಲಿವರನ್ನು, ಬೇಗ ಬೇಗ ಆಡಿಸಿದರೆ ನಡುವೆ ಬಿಗಿದು ನಿಂತುಬಿಡುತ್ತದೆ. ಮುಂದಕ್ಕೂ ಬರಲ್ಲ, ಹಿಂದಕ್ಕೂ ಬರಲ್ಲ. ಸ್ಪ್ರಿಂಗ್ ಹೋಗಿದೆಯಾ?

ಉತ್ತರ: ಸ್ಪ್ರಿಂಗ್ ಅಲ್ಲ ಅನಿಸುತ್ತದೆ. ನೀವು ಹೇಳುವ ಲಕ್ಷಣಕ್ಕೆ ಅಲ್ಲಿನ ಶೂಟರ್‌ಗಳು ಹೆಸರೇ ಇಟ್ಟಿದ್ದಾರೆ: ಮಾರ್ಲಿನ್ ಜ್ಯಾಮ್. ಸವೆತದಿಂದ ಬರುವ ತೊಂದರೆ ಇದು.

ಬ್ಯಾರೆಲ್ ಕೆಳಗೆ ತೋಟೆಗಳನ್ನು ಸಾಲಾಗಿ ತುಂಬಿಡುವ ಮ್ಯಾಗಜೀನ್ ಟ್ಯೂಬಿನಿಂದ ಬಂದ ತೋಟೆಯನ್ನು ಬ್ಯಾರೆಲ್ ಮಟ್ಟಕ್ಕೆ ಎತ್ತುವ ಉಕ್ಕಿನ ತುಂಡೊಂದು ಒಳಗಿದೆ, ಅದೇ ಕ್ಯಾರಿಯರ್. ಅದನ್ನು ಕೆಳಗಿನಿಂದ ತಳ್ಳುವುದು ಲಿವರಿನ ಮುಂದಿನ ಬಾಗಿದ ಮೂತಿ. ಕ್ಯಾರಿಯರ್ ಸರಿಯಾದ ಹೊತ್ತಿಗೆ ಮೇಲೇಳಬೇಕು, ಯಾಕೆಂದರೆ ತೋಟೆ ಎತ್ತುವುದರ ಜೊತೆಗೆ ಹಿಂದೆ ಕಾದಿರುವ ಇನ್ನೊಂದು ತೋಟೆಯನ್ನು ತಡೆಯುವ ಕೆಲಸವೂ ಅದರದ್ದೇ. ಆ ಮೂತಿಯ ಅಂಚು ಚೂಪಾಗಿದ್ದರೆ ಪ್ರತಿ ಸಲ ಲಿವರ್ ಆಡಿಸಿದಾಗಲೂ ಕ್ಯಾರಿಯರಿನ ಹೊಟ್ಟೆಯನ್ನು ಕೆರೆಯುತ್ತಾ ಹೋಗುತ್ತದೆ. ಅಲ್ಲಿ ತಗ್ಗು ಬಿದ್ದಷ್ಟೂ ಕ್ಯಾರಿಯರ್ ಏಳುವುದು ತಡವಾಗುತ್ತದೆ. ಕೂದಲೆಳೆಯಷ್ಟು ತಡವಾದರೂ ಸಾಕು, ಎರಡನೇ ತೋಟೆಯ ಅಂಚು ಕ್ಯಾರಿಯರಿನ ಕೆಳಗೆ ನುಸುಳಿ ಇಡೀ ಯಂತ್ರ ಬಿಗಿದುಕೊಳ್ಳುತ್ತದೆ.

ದಯವಿಟ್ಟು ಲಿವರನ್ನು ಜೋರು ಮಾಡಿ ಎಳೆಯಬೇಡಿ, ಬಡಿಯಲೂಬೇಡಿ. ಒಳಗೆ ತುಂಬಿದ ತೋಟೆಗಳಿವೆ ಅನ್ನುವುದು ಮರೆಯುವ ವಿಷಯವಲ್ಲ. ನಳಿಗೆ ಗುರಿಯ ಹಿಂದಿನ ಮಣ್ಣಿನ ದಿಬ್ಬದ ಕಡೆಗೇ ಇರಲಿ, ರೇಂಜ್ ಅಧಿಕಾರಿಯನ್ನು ಕರೆಯಿರಿ.

ರೈಫಲ್ ಪೂರ್ತಿ ಖಾಲಿಯಾಗಿದೆ ಎಂದು ಖಚಿತವಾದ ಮೇಲೆ, ಲಿವರಿನ ಸ್ಕ್ರೂ ತೆಗೆದು ಲಿವರನ್ನೂ ತೋಟೆಯ ಹಿಂಬದಿಯನ್ನು ಮುಚ್ಚುವ ಬೋಲ್ಟನ್ನೂ ಬಿಡಿಸಿ ಕ್ಯಾರಿಯರಿನ ತಳ ನೋಡಿ. ಲಿವರಿನ ಮೂತಿ ತಾಗುವ ಜಾಗದಲ್ಲಿ ಹೊಳೆಯುವ ಗೆರೆ ಇರುತ್ತದೆ. ಬರೀ ಹೊಳಪಾದರೆ ಚಿಂತೆಯಿಲ್ಲ. ಅಡ್ಡಲಾಗಿ ಉಗುರು ಎಳೆದಾಗ ಸಿಕ್ಕಿಕೊಂಡರೆ ಅದೇ ತಗ್ಗು, ಅಲ್ಲೇ ರೋಗ.

ಕ್ಯಾರಿಯರ್ ಬದಲಾಯಿಸಬಹುದು, ಇಲ್ಲವೇ ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್ ಆ ತಗ್ಗಿಗೆ ವೆಲ್ಡ್ ತುಂಬಿ ಮಟ್ಟ ಮಾಡಿಕೊಡುತ್ತಾರೆ. ಆದರೆ ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ, ಅದು ನನಗೆ ನಿಜಕ್ಕೂ ಬೇಜಾರು. ಲಿವರಿನ ಚೂಪು ಅಂಚು ಹಾಗೇ ಉಳಿದರೆ ಹೊಸ ಕ್ಯಾರಿಯರನ್ನೂ ಅದು ಕೆರೆಯುತ್ತದೆ, ದುಡ್ಡು ಸುಮ್ನೆ ಹಾಳು. ನುಣುಪಾದ ಸಾಣೆಕಲ್ಲಿನಿಂದ ಆ ಅಂಚಿನ ಚೂಪನ್ನಷ್ಟೇ ತೆಗೆಸಿ, ಎತ್ತರ ಕಡಿಮೆಯಾಗಬಾರದು. ಜಾಸ್ತಿ ಉಜ್ಜಿದರೆ ಕ್ಯಾರಿಯರ್ ಮತ್ತೆ ತಡವಾಗಿ ಏಳುತ್ತದೆ. ಹಾಗೇ ಎಲ್ಲ ಸ್ಕ್ರೂಗಳೂ ಬಿಗಿಯಾಗಿವೆಯಾ ನೋಡಿಸಿ.

ಪ್ರಶ್ನೆ: ನನ್ನದು ವಿಂಚೆಸ್ಟರ್ 1873ರ ಇಟಲಿ ಪ್ರತಿ. ಅದೂ ಸಿಕ್ಕಿಕೊಳ್ಳುತ್ತದೆ. ಇದೇ ಸವೆತವಾ?

ಉತ್ತರ: ಇರಲಿಕ್ಕಿಲ್ಲ. ಅದರ ಕ್ಯಾರಿಯರ್ ಲಿಫ್ಟಿನ ಹಾಗೆ ನೇರ ಮೇಲೇಳುವ ಲೋಹದ ಗಟ್ಟಿ. ಅಲ್ಲಿ ಸರದಿಯಲ್ಲಿ ಹಿಂದೆ ಕಾದಿರುವ ತೋಟೆಯನ್ನು ತಡೆಯುವುದು ಗಟ್ಟಿಯೊಳಗಿರುವ ತೋಟೆಯ ಉದ್ದವೇ. ತೋಟೆ ಗಿಡ್ಡವಾದರೆ ಹಿಂದಿನದು ಸ್ವಲ್ಪ ಒಳಗೆ ತೂರುತ್ತದೆ, ಉದ್ದವಾದರೆ ಅದರ ಮೂತಿ ಟ್ಯೂಬಿನಲ್ಲೇ ಉಳಿಯುತ್ತದೆ. ಎರಡರಲ್ಲೂ ಗಟ್ಟಿ ಮೇಲೇಳಲ್ಲ. ನಿಮ್ಮದು .357 ರೈಫಲಾದರೆ ಎರಡು ಬಗೆಯ ತೋಟೆ ಹಾಕಬಹುದು, ಅವುಗಳ ಗರಿಷ್ಠ ಉದ್ದ: .38 ಸ್ಪೆಷಲ್ 1.55 ಇಂಚು, .357 ಮ್ಯಾಗ್ನಂ 1.59 ಇಂಚು. ಸ್ಪರ್ಧೆಗೆ ಹಗುರ ಗುಂಡು ಹಾಕಿ ನೀವೇ ತುಂಬಿಕೊಂಡ ತೋಟೆಗಳಾದರೆ ಇದಕ್ಕಿಂತಲೂ ಗಿಡ್ಡ ಇರಬಹುದು. ಬಿಡಿಭಾಗ ಕೊಳ್ಳುವ ಮುಂಚೆ ಕ್ಯಾಲಿಪರ್ (ಸೂಕ್ಷ್ಮ ಅಳತೆಯ ಉಪಕರಣ) ಹಿಡಿದು ತೋಟೆಯ ಉದ್ದ ಅಳೆಯಿರಿ, ಕಾರ್ಖಾನೆಯ ತೋಟೆ ಹಾಕಿಯೂ ಒಮ್ಮೆ ನೋಡಿ. ಅದರಲ್ಲಿ ಸಲೀಸಾಗಿ ನಡೆದರೆ ರೈಫಲಿಗೆ ಕೈ ಹಚ್ಚಬೇಡಿ.